500 ಪಟ್ಟಿಯಾಗ ಹೆಸ್ರು, ಗಿರಾಕಿ ಒಬ್ಬನೂ ಇಲ್ಲ

ಹೋದ ವರ್ಷ ದೀಪಾವಳಿ ಮುಂದ ನಮ್ಮ ಮೈದ್ನ ಒಂದು ಸುದ್ದಿ ಹೊತ್ಕಂಡು ಅಡಿಗಿ ಮನಿಗೆ ಬಂದ. "ಅತ್ತಿಗಿ, ನಮ್ಮ ರೊಟ್ಟಿ ವೆಬ್‌ಸೈಟನ್ನ 500 ಡೈರೆಕ್ಟರಿಯಾಗ ಸೇರಿಸ್ತಾರಂತ. 6,500 ರೂಪಾಯಿ. ಮೂರು ತಿಂಗ್ಳಿಗೆ ಗೂಗಲ್ ಮೊದ್ಲನೇ ಪುಟಕ್ಕ ಬರ್ತೀವಂತ." ನಾನು ಗುರೆಳ್ಳು ಹುರಿಯಾಕತ್ತಿದ್ದೆ. ಎಲ್ಲಿ ಸೀದು ಹೊಕ್ಕಾವೋ ಅನ್ನೋ ಗಡಿಬಿಡಿಯಾಗ "ಆತು, ಹಾಕ್ಸಪ್ಪ" ಅಂದ್ಬಿಟ್ಟೆ. ತಪ್ಪು ನಂದೂ ಐತಿ. ಅದನ್ನ ಮೊದ್ಲ ಹೇಳಿಬಿಡ್ತೀನಿ, ಯಾಕಂದ್ರ ಇನ್ನ ಮುಂದ ಬೈಯಾಕ ಹೊಂಟೀನಿ.

ಚಿಗಟೇರಿಯಾಗ ಕುಂತು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಬೆಂಗಳೂರಿಗೆ ಕೊರಿಯರ್ ಕಳಿಸೋ ಮನಿ ನಮ್ದು. ಬಡಿಯೋರು ನಮ್ಮತ್ತಿ, ನಾನು, ಓಣಿಯಾಗಿನ ಇಬ್ರು ಹೆಣ್ಮಕ್ಳು. 6,500 ಅಂದ್ರ ಆ ಇಬ್ರ ಎಷ್ಟು ದಿನದ ಕೂಲಿ ಅಂತ ನೀವ ಲೆಕ್ಕ ಹಾಕ್ರಿ.

ಡೈರೆಕ್ಟರಿ ಅನ್ನೋದು ಹುಟ್ಟಿದಾಗ ಕೆಟ್ಟದ್ದಾಗಿರಲಿಲ್ಲ. 1994ರಾಗ ಸ್ಟ್ಯಾನ್‌ಫರ್ಡ್‌ನ ಇಬ್ರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತ ಡೇವಿಡ್ ಫೈಲೋ, ತಾವು ನೋಡಿದ ವೆಬ್‌ಸೈಟ್‌ಗಳನ್ನ ವಿಷಯದ ಪ್ರಕಾರ ಪಟ್ಟಿ ಮಾಡಾಕ ಹತ್ತಿದ್ರು. ಅದ ಮುಂದ ಯಾಹೂ ಆತು. 1998ರಾಗ ಡಿಮೋಜ್ ಅಂತ ಇನ್ನೊಂದು ಬಂತು, ಅದನ್ನ ನೋಡಿಕೊಳ್ಳೋರು ಸಂಬಳ ಇಲ್ಲದ ಸ್ವಯಂಸೇವಕರು. ಸಾಂಬಾರ ಡಬ್ಬಿಯಾಗ ಜೀರಿಗಿ ಒಂದು ಕಡಿ, ಸಾಸ್ವಿ ಒಂದು ಕಡಿ ಹಾಕ್ದಂಗ, ಒಬ್ಬ ಮನುಷ್ಯ ಕಣ್ಣಾರೆ ನೋಡಿ ಸರಿ ಅನಿಸಿದ್ದನ್ನ ಅದರ ಜಾಗಕ್ಕ ಇಡ್ತಿದ್ದ. ಅದ ವರ್ಷ ಬಂದ ಗೂಗಲ್, ಒಂದು ಪುಟ ಇನ್ನೊಂದು ಪುಟಕ್ಕ ಲಿಂಕ್ ಕೊಟ್ರ ಅದನ್ನ ಸಾಕ್ಷಿ ಅಂತ ಲೆಕ್ಕಕ್ಕ ಹಿಡೀತು. ಹಂಗಾಗಿ ಒಳ್ಳೇ ಪಟ್ಟಿಯಾಗ ಹೆಸ್ರು ಇದ್ರ ಆಗ ತೂಕ ಇತ್ತು, ಖರೆ.

ಕೆಟ್ಟದ್ದು ಅಲ್ಲಿಂದ ಮುಂದ. ಸಾಕ್ಷಿಗೆ ಬೆಲಿ ಐತಿ ಅಂತ ಗೊತ್ತಾದ ಕೂಡ್ಲೆ ಸಾಕ್ಷಿ ಮಾರೋ ಅಂಗಡಿ ಎದ್ವು. ಯಾರೂ ಓದದ, ಯಾರೂ ನೋಡದ, ರೊಕ್ಕ ಕೊಟ್ಟೋರನ್ನೆಲ್ಲ ಒಳಗ ಬಿಟ್ಕೊಳ್ಳೋ ಪಟ್ಟಿಗಳು. ರೊಕ್ಕ ಕೊಟ್ಟೋರಿಗೆಲ್ಲ ಸಾಕ್ಷಿ ಹೇಳೋನ ಮಾತಿಗೆ ಪಂಚಾಯ್ತಿ ಕಟ್ಟಿ ಮ್ಯಾಲ ಏನು ಕಿಮ್ಮತ್ತು? ಗೂಗಲ್ಲೂ ಅಷ್ಟ ಮಾಡ್ತು. 2012ರ ಏಪ್ರಿಲ್‌ನಾಗ ಪೆಂಗ್ವಿನ್ ಅನ್ನೋ ಬದಲಾವಣೆ ತಂದು ಇಂಥಾ ಲಿಂಕ್ ಕಟ್ಟಿಸಿಕೊಂಡ ಸೈಟ್‌ಗಳನ್ನ ಕೆಳಗ ದಬ್ಬಿತು. 2016ರಿಂದ ಅಂಥಾ ಲಿಂಕ್‌ಗಳನ್ನ ಬಹುಮಟ್ಟಿಗೆ ಲೆಕ್ಕಕ್ಕ ಹಿಡಿಯದ ಬಿಟ್ಟುಬಿಡ್ತತಿ. ಕಳಪೆ ಡೈರೆಕ್ಟರಿ ಲಿಂಕ್ ಅಂದ್ರ ಸ್ಪ್ಯಾಮ್ ಅಂತ ಅವರ ನಿಯಮದಾಗ ಹೆಸ್ರು ಹಿಡಿದ ಬರದೈತಿ. ಯಾಹೂ ಡೈರೆಕ್ಟರಿ 2014ರ ಕೊನೀಗೆ ಬಾಗ್ಲಾ ಹಾಕ್ತು, ಡಿಮೋಜ್ 2017ರ ಮಾರ್ಚ್‌ನಾಗ. ಹುಟ್ಟಿಸಿದೋರ ಮುಚ್ಚಿಕ್ಯಂಡು ಹೋದ ಅಂಗಡಿ ಹೆಸ್ರಿನ್ಯಾಗ ಇವ್ರು ಇನ್ನೂ ಹಳ್ಳಿ ಹುಡುಗ್ರ ಕಡಿಂದ ರೊಕ್ಕ ಎತ್ತಾಕತ್ಯಾರ. ಇದಕ್ಕ ಸೇವೆ ಅನ್ನಬಾರದು.

"ಬರಲಿಲ್ಲ ಅಂದ್ರ ಬ್ಯಾಡ, ಕೆಟ್ಟದ್ದೇನೂ ಆಗಿಲ್ಲಲ್ಲ ಅತ್ತಿಗಿ" ಅಂತ ಮೈದ್ನ ಸಮಾಧಾನ ಮಾಡ್ದ. ಆಗೈತಿ. ಕೇಳ್ರಿ.

ನಮ್ಮ ಹರಪನಹಳ್ಳಿ ತಾಲೂಕಿನ ಕಥಿ ನಿಮಗೆಲ್ಲ ಗೊತ್ತಿದ್ದದ್ದ. 1997ರಾಗ ಬಳ್ಳಾರಿ ಬಿಡಿಸಿ ದಾವಣಗೆರೆಗೆ ಸೇರಿಸಿದ್ರು, 2018ರಾಗ ತಿರುಗಿ ಬಳ್ಳಾರಿಗೆ ತಂದ್ರು, 2021ರಾಗ ವಿಜಯನಗರ ಜಿಲ್ಲೆ ಆತು. ಮನಿ ಇದ್ದಲ್ಲೇ ಐತಿ, ಜಿಲ್ಲೆ ಮೂರು ಆದ್ವು. ಆ ಪುಣ್ಯಾತ್ಮರು ನಮ್ಮ ವಿಳಾಸ ಒಂದು ಪಟ್ಟಿಯಾಗ ದಾವಣಗೆರೆ ಜಿಲ್ಲೆ ಅಂತ, ಇನ್ನೊಂದ್ರಾಗ ಬಳ್ಳಾರಿ ಅಂತ ತುಂಬ್ಯಾರ. ಊರ ಹೆಸ್ರು ಎಲ್ಲೋ ಚಿಗಟೆರೆ, ಎಲ್ಲೋ ಚಿಗತೇರಿ. ನಾರದಮುನಿ ತೇರು ಎಳಿಯೋ ಊರಿನ ಹೆಸ್ರು ಸರಿಯಾಗಿ ಬರಿಯಾಕ ಬರದೋರು ನಮ್ಮನ್ನ ಜಗತ್ತಿಗೆ ಪರಿಚಯ ಮಾಡ್ತಾರಂತ!

ಒಂದಿನ ಮಟಮಟ ಮಧ್ಯಾಹ್ನ ಫೋನ್ ಬಂತು. ಹೆಣ್ಮಗಳು, ಪಾಪ, ಬಿಸಿಲಾಗ ನಿಂತಂಗಿತ್ತು. "ಅಕ್ಕಾರ, ನಾನು ಚಿಗಟೇರಿ ಆಸ್ಪತ್ರಿ ಮುಂದ ನಿಂತೀನಿ, ನಿಮ್ಮ ರೊಟ್ಟಿ ಅಂಗಡಿ ಎಲ್ಲೈತ್ರಿ?" ದಾವಣಗೆರೆ ಜಿಲ್ಲಾ ಆಸ್ಪತ್ರಿಗೆ ನಮ್ಮೂರಿನ ಹೆಸ್ರು ಐತಲ್ಲ, ಯಾವುದೋ ಪಟ್ಟಿಯಾಗ ನಮ್ಮ ಮನಿ ಗುರುತನ್ನ ಅಲ್ಲಿಗೆ ತಂದು ನಿಲ್ಲಿಸ್ಯಾರ. ಮನ್ಯಾಗ ಮದುವಿ ಐತಿ, 200 ರೊಟ್ಟಿ ಬೇಕಿತ್ತು ಅಂದ್ರು. ಎಲ್ಲಾ ಬಿಡಿಸಿ ಹೇಳೋದ್ರಾಗ ಅವ್ರಿಗೆ ಬ್ಯಾಸ್ರಾಗಿ ಫೋನ್ ಇಟ್ರು. ಆ ಆರ್ಡರ್ ಹೋತು.

ಫೋನಂತೂ ಕೇಳಬ್ಯಾಡ್ರಿ. ಪಟ್ಟಿಗೆ ಕೊಟ್ಟಿದ್ದು ನಮ್ಮತ್ತಿ ನಂಬರು. ಹಂಚು ಕಾದಿರ್ತತಿ, ಕೈ ಹಿಟ್ಟಾಗಿರ್ತತಿ, ಸಾಲ ಬೇಕೇನು, ಕ್ರೆಡಿಟ್ ಕಾರ್ಡ್ ಬೇಕೇನು, ವೆಬ್‌ಸೈಟ್ ಇನ್ನೂ ಮ್ಯಾಲ ತರಬೇಕೇನು ಅಂತ ದಿನಾ ಗಂಟಿ. ಮೂರು ತಿಂಗ್ಳಾದ ಮ್ಯಾಲ ಯಾರು ಎಲ್ಲಿಂದ ಬಂದಾರ ಅಂತ ನಾನ ಕುಂತು ನೋಡಿದೆ. ಆ 500 ಪಟ್ಟಿಯಿಂದ ಬಂದು ಒಂದು ಪಾಕೀಟು ಚಟ್ನಿಪುಡಿ ಕೊಂಡೋನು ಒಬ್ಬನೂ ಇಲ್ಲ.

ಹಂಗಂತ ಎಲ್ಲಾ ಪಟ್ಟಿನೂ ಸುಟ್ಟುಬಿಡ್ರಿ ಅನ್ನೋಳಲ್ಲ ನಾನು. ಮಂದಿ ಖರೇನ ಹುಡುಕೋ ಪಟ್ಟಿ ಬ್ಯಾರೆ. 1996ರಾಗ ಫೋನಿನ್ಯಾಗ ನಂಬರ್ ಹೇಳೋ ಸೇವೆಯಾಗಿ ಹುಟ್ಟಿದ ಜಸ್ಟ್‌ಡಯಲ್‌ನಾಗ ಇವತ್ತಿಗೂ ಪ್ಲಂಬರ್‌ನ ಹುಡುಕೋರು ಅದಾರ. ಗೂಗಲ್ ಮ್ಯಾಪಿನ ಬಿಸಿನೆಸ್ ಪ್ರೊಫೈಲ್ ಅಂತೂ ಪುಗಸಟ್ಟಿ. ಅದ್ರಾಗ ಮ್ಯಾಲ ಬರೋದಕ್ಕ ಮೂರು ಲೆಕ್ಕ: ಹುಡುಕೋರ ಮಾತಿಗೆ ನಿಮ್ಮ ಕಸುಬು ಹೊಂದ್ತತೋ ಇಲ್ಲೋ, ನೀವು ಎಷ್ಟು ದೂರ ಅದೀರಿ, ನಿಮ್ಮ ಹೆಸ್ರು ಮಂದಿಗೆ ಎಷ್ಟು ಗೊತ್ತೈತಿ. ರೊಕ್ಕ ಕೊಟ್ಟು ಆ ಸಾಲಿನ್ಯಾಗ ಮುಂದ ಹೋಗಾಕ ಬರೋದಿಲ್ಲ ಅಂತ ಅವರ ಹೇಳ್ತಾರ. ನಿಮ್ಮ ಪರಿಚಯದೋರೊಬ್ರಾದ್ರೂ ಆ ಪಟ್ಟಿ ತೆಗೆದು ಏನಾರ ಕೊಂಡಾರೇನು ಅಂತ ಕೇಳ್ರಿ. ಇಲ್ಲ ಅಂದ್ರ ಮುಂದಕ್ಕ ಕಳಿಸ್ರಿ ಅವರನ್ನ.

ಈಗ ನಾವು ಮಾಡಿದ್ದು ಇಷ್ಟ. ಮ್ಯಾಪಿನ್ಯಾಗ ಮನಿ ಗುರುತು ಸರಿಯಾಗಿ ಹಾಕಿಸಿದ್ವಿ. ವೆಬ್‌ಸೈಟಿನ್ಯಾಗ ಚಿಗಟೇರಿ, ಹರಪನಹಳ್ಳಿ ತಾಲೂಕು, ವಿಜಯನಗರ ಜಿಲ್ಲೆ ಅಂತ ಕನ್ನಡದಾಗೂ ಇಂಗ್ಲಿಷಿನ್ಯಾಗೂ ಒಂದೇ ನಮೂನಿ ಬರೆದ್ವಿ. ಆಹಾರ ಸುರಕ್ಷತೆಯ 14 ಅಂಕಿ ನಂಬರ್ ಕಾಣೋ ಜಾಗಕ್ಕ ಹಾಕಿದ್ವಿ. ರೊಟ್ಟಿ ಎಷ್ಟು ದಿನ ಇರ್ತತಿ, ಮಳಿಗಾಲದಾಗ ಮೆತ್ತಗಾದ್ರ ಏನು ಮಾಡಬೇಕು ಅಂತ ಒಂದು ಪುಟ ನಾನ ಬರೆದೆ. ಬೆಂಗಳೂರಾಗಿರೋ ನಮ್ಮ ಕಡಿ ಮಂದಿ ಅದನ್ನ ಒಬ್ರಿಂದ ಒಬ್ರಿಗೆ ಕಳಿಸ್ಯಾರ, ಅದರಿಂದ ಆರ್ಡರ್ ಬಂದಾವ.

ಉಳಿದ ಕೆಲಸ ಆ ತಪ್ಪು ವಿಳಾಸ ತೆಗೆಸೋದು. ರಾತ್ರಿ ಊಟ ಆದ ಮ್ಯಾಲ ಮೈದ್ನ ಒಂದೊಂದ ಪಟ್ಟಿಗೆ ಪತ್ರ ಹಾಕ್ತಾನ. ಕೆಲವರು ತೆಗೆದ್ರು, ಭಾಳ ಮಂದಿ ಉತ್ತರ ಕೊಡೋದಿಲ್ಲ. ಮೊನ್ನೆ ಒಬ್ರು, ಹೆಸ್ರು ತೆಗಿಯಾಕ ಬ್ಯಾರೆ ರೊಕ್ಕ ಅಕ್ಕತಿ ಅಂತ ಬರೆದ್ರು.