ಸೊಪ್ಪಿನ ಲೆಕ್ಕ, ಟೊಮೆಟೊ ಲೆಕ್ಕ

ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗಲೆಲ್ಲ ಮನೆಯಲ್ಲೇ ತರಕಾರಿ ಬೆಳೆದುಕೊಳ್ಳುವ ಮಾತು ಏಳುತ್ತದೆ. 2023ರ ಜುಲೈನಲ್ಲೂ ಎದ್ದಿತ್ತು. ಆಗ ಹುರುಪಿನಿಂದ ಬೀಜ ಹಾಕಿದವರ ಗಿಡದಲ್ಲಿ ಕಾಯಿ ಹಣ್ಣಾಗುವುದರೊಳಗೆ, ಸೆಪ್ಟೆಂಬರಿನಲ್ಲಿ, ಮಂಡಿಗಳಲ್ಲಿ ಬೆಲೆ ನೆಲಕಚ್ಚಿತು. ಇದು ಆಗಬೇಕಾದದ್ದೇ. ಬೀಜದಿಂದ ಹಣ್ಣಿಗೆ ಮೂರು ತಿಂಗಳಾದರೂ ಬೇಕು; ಏರಿದ ಬೆಲೆ ನೋಡಿ ನಾಟಿ ಮಾಡಿದ ರೈತರ ಬೆಳೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಾರುಕಟ್ಟೆಗೆ ಬಂದು ಬೀಳುತ್ತದೆ. ಕೈತೋಟದಿಂದ ದುಡ್ಡು ಉಳಿಯುತ್ತದೆಯೇ ಎಂದು ಕೇಳಿದರೆ ಒಬ್ಬರು ಹೌದೆನ್ನುವುದು, ಇನ್ನೊಬ್ಬರು ಶುದ್ಧ ಸುಳ್ಳೆನ್ನುವುದು, ಇಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿರುವುದು ಅವರು ಬೆಳೆದದ್ದು ಬೇರೆ ಬೇರೆಯಾದ್ದರಿಂದಲೇ. ಏನನ್ನು ಬೆಳೆದರು ಎಂಬುದನ್ನು ಬಿಟ್ಟು ಈ ಪ್ರಶ್ನೆಗೆ ಉತ್ತರವಿಲ್ಲ. ಈರುಳ್ಳಿ, ಆಲೂಗಡ್ಡೆ, ಎಲೆಕೋಸುಗಳಲ್ಲಿ ಎಕರೆಗಟ್ಟಲೆ ಬೆಳೆಯುವ ರೈತನನ್ನು ತಾರಸಿಯ ಕುಂಡ ಎಂದಿಗೂ ಸರಿಗಟ್ಟದು. ಸೊಪ್ಪು, ಕರಿಬೇವು, ಪುದೀನ, ಹಸಿಮೆಣಸಿನಕಾಯಿಗಳ ಮಾತೇ ಬೇರೆ.

ಕಾರಣ ಸರಳ. ಈರುಳ್ಳಿ ವಾರಗಟ್ಟಲೆ ಕಾಯುತ್ತದೆ, ಸೊಪ್ಪು ಒಂದು ಹಗಲೂ ಕಾಯುವುದಿಲ್ಲ. ನಸುಕಿನಲ್ಲಿ ಕಿತ್ತು, ತೊಳೆದು, ಕಟ್ಟು ಕಟ್ಟಿ, ಬಿಸಿಲೇರುವ ಮುನ್ನ ಪೇಟೆ ಮುಟ್ಟಿಸಬೇಕು. ಸಂಜೆಗೆ ಬಾಡಿ ಉಳಿದದ್ದರ ನಷ್ಟವೂ ಮಾರಿಹೋದ ಕಟ್ಟಿನ ಬೆಲೆಯಲ್ಲೇ ಸೇರಿರುತ್ತದೆ. ಹಾಗಾಗಿ ಸೊಪ್ಪಿನವರಿಗೆ ನಾವು ಕೊಡುವುದರಲ್ಲಿ ದೊಡ್ಡ ಪಾಲು ಗಿಡದ್ದಲ್ಲ, ಅವಸರದ್ದು. ಅದರ ಮೇಲೆ, ಸಾರಿಗೆ ಬೇಕಾದದ್ದು ನಾಲ್ಕು ಎಸಳು ಕೊತ್ತಂಬರಿ, ಕೊಳ್ಳುವುದು ಕಟ್ಟು. ಮಿಕ್ಕದ್ದು ಫ್ರಿಜ್ಜಿನ ಮೂಲೆಯಲ್ಲಿ ಕೊಳೆತು ಕಸದ ಬುಟ್ಟಿಗೆ ಹೋಗುತ್ತದೆ. ಹಿತ್ತಿಲಲ್ಲಿ ಗಿಡವಿದ್ದರೆ ಈ ಎರಡು ಖರ್ಚೂ ತಪ್ಪುತ್ತವೆ. ಬೆಳೆದದ್ದರ ತೂಕಕ್ಕಿಂತ ಎಸೆಯದೆ ಉಳಿದದ್ದೇ ಇಲ್ಲಿ ಹೆಚ್ಚಿನ ಲಾಭ ಎಂದರೂ ತಪ್ಪಿಲ್ಲ.

ಆದರೆ ಆ ಉಳಿತಾಯವನ್ನೆಲ್ಲ ಮೊದಲ ದಿನವೇ ನುಂಗಿಹಾಕುವ ದಾರಿಯೊಂದಿದೆ: ಗ್ರೋ ಬ್ಯಾಗು, ಕೊಕೊಪೀಟ್ ಇಟ್ಟಿಗೆ, ಕಬ್ಬಿಣದ ಸ್ಟ್ಯಾಂಡು, ಹನಿ ನೀರಾವರಿ ಕಿಟ್ಟು, ಬಣ್ಣದ ಪೊಟ್ಟಣದಲ್ಲಿ ಎಣಿಸಿ ತುಂಬಿದ ಬೀಜ. ಇವೆಲ್ಲ ಬೇಕೇ ಬೇಕು ಎಂಬುದು ಅಂಗಡಿಯವರ ವಾದ, ಗಿಡದ ವಾದವಲ್ಲ. ಮೆಂತ್ಯ ಒಗ್ಗರಣೆ ಡಬ್ಬಿಯಲ್ಲೇ ಇದೆ. ಸಾಂಬಾರಿಗೆ ತಂದ ಕೊತ್ತಂಬರಿ ಬೀಜವನ್ನು ನೆಲದ ಮೇಲೆ ಹರಡಿ, ಪುಡಿಯಾಗದಂತೆ ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿದರೆ ಮೊಳೆಯುತ್ತದೆ. ಕಡು ಬೇಸಿಗೆಯಲ್ಲಿ ಮಾತ್ರ ಮೊಂಡು ಹಿಡಿಯುತ್ತದೆ. ಪೇಟೆಯಿಂದ ತಂದ ಬಸಳೆಯ ಎಲೆ ಬಿಡಿಸಿಕೊಂಡು ದಂಟನ್ನು ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ, ಪುದೀನದ ಕಡ್ಡಿಯೂ ಹಾಗೆಯೇ. ತಳಕ್ಕೆ ತೂತು ಕೊರೆದ ಪೇಂಟಿನ ಬಕೆಟ್ಟು, ಮೀನು ಬರುವ ಥರ್ಮಾಕೋಲ್ ಪೆಟ್ಟಿಗೆ, ಹರಿದ ಅಕ್ಕಿ ಚೀಲ ಧಾರಾಳ ಸಾಕು. ತರಕಾರಿ ಸಿಪ್ಪೆಯನ್ನು ಒಣಗಿದ ಎಲೆಯ ಜೊತೆ ಪದರಪದರವಾಗಿ ಹಾಕಿಟ್ಟರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ. ಮಲೆನಾಡು, ಕರಾವಳಿಯ ಹಿತ್ತಿಲುಗಳು ದುಡ್ಡು ಕೇಳದೆ ನಡೆದದ್ದು ಹೀಗೆ: ಬಚ್ಚಲ ನೀರು ಬಾಳೆಗೆ, ಕೆಸುವಿಗೆ, ಒಲೆಯ ಬೂದಿ, ಕೊಟ್ಟಿಗೆಯ ಗೊಬ್ಬರ ಬಸಳೆ ಚಪ್ಪರದ ಬುಡಕ್ಕೆ.

ಎಷ್ಟು ಸಿಕ್ಕೀತು ಎಂಬುದನ್ನೂ ನೇರವಾಗಿ ನೋಡಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಸುಗುಣ ಹರಿವೆಯನ್ನು ಮತ್ತೆ ಮತ್ತೆ ಕೊಯ್ಯಬಹುದು; ಹೊಲದಲ್ಲಿ ಅದರ ಇಳುವರಿ ಸುಮಾರು 90 ದಿನಗಳಲ್ಲಿ ಹೆಕ್ಟೇರಿಗೆ 25 ಟನ್ನಿನ ಆಸುಪಾಸು. ಅಂದರೆ ಚದರ ಮೀಟರಿಗೆ ಎರಡೂವರೆ ಕಿಲೋ. ಮೂರು ಚದರ ಮೀಟರಿನ ತಾರಸಿ ಮಡಿ ಅಷ್ಟೇ ಚೆನ್ನಾಗಿ ಬಂದರೂ ವಾರಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು, ನಾಲ್ವರ ಮನೆಗೆ ವಾರದಲ್ಲಿ ಒಂದೆರಡು ಹೊತ್ತಿನ ಪಲ್ಯ, ಬಸ್ಸಾರು. ತಾರಸಿಯಿಂದ ಸ್ವಾವಲಂಬನೆ ಎನ್ನುವ ಉತ್ಸಾಹಿಗಳು ಈ ಗುಣಾಕಾರವನ್ನು ಮಾಡಿದಂತಿಲ್ಲ.

ನೀರಿನ ಆಕ್ಷೇಪ ಬಲವಾದದ್ದು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಎಂದಿತು, ತಪ್ಪೇನಲ್ಲ. ಟ್ಯಾಂಕರ್ ನೀರು ಕೊಂಡು ದಂಟು ಬೆಳೆಯುವುದು ಬುದ್ಧಿವಂತಿಕೆಯೂ ಅಲ್ಲ. ಆದರೆ ಮೂರು ಚದರ ಮೀಟರಿನ ಸೊಪ್ಪಿಗೆ ಬೇಸಿಗೆಯಲ್ಲೂ ದಿನಕ್ಕೆ ಹದಿನೈದು ಲೀಟರ್ ಸಾಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸಿಂಕಿಗೆ ಬಿಡದೆ ಬಕೆಟ್ಟಿಗೆ ಸುರಿದುಕೊಂಡರೆ ಅದರ ಬಹುಪಾಲು ಅಡುಗೆಮನೆಯಲ್ಲೇ ದಕ್ಕುತ್ತದೆ. ಆರ್‌ಒ ಫಿಲ್ಟರಿನಿಂದ ಹೊರಬೀಳುವ ನೀರನ್ನು ಮಾತ್ರ ನಂಬಿಕೊಳ್ಳುವಂತಿಲ್ಲ, ಅದರ ಉಪ್ಪು ದಿನ ಕಳೆದಂತೆ ಮಣ್ಣಿನಲ್ಲಿ ಕೂರುತ್ತದೆ.

ದುಡಿಮೆಯ ಲೆಕ್ಕವೆಲ್ಲಿ ಎಂದು ಕೇಳುವವರಿದ್ದಾರೆ. ಕೂಲಿ ಹಿಡಿದರೆ ಯಾವ ಕೈತೋಟವೂ ಗಿಟ್ಟುವುದಿಲ್ಲ, ಒಪ್ಪಿದೆ. ಕೂಲಿ ಹಿಡಿದರೆ ಮನೆಯ ಅಡುಗೆಯೂ ಗಿಟ್ಟದು. ಇದಕ್ಕಿಂತ ಇರಿಸುಮುರಿಸಿನ ಪ್ರಶ್ನೆ, ಆ ದುಡಿಮೆ ಯಾರದು ಎಂಬುದು. ಯಜಮಾನರ ಹವ್ಯಾಸಕ್ಕೆ ಮನೆಯಾಕೆ ದಿನವೂ ಮಹಡಿ ಮೆಟ್ಟಿಲು ಹತ್ತಿ ನೀರು ಹೊರುವುದಾದರೆ ಅದು ಉಳಿತಾಯವಲ್ಲ, ಖರ್ಚನ್ನು ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟಿಸಿದ್ದು. ಸೊಪ್ಪು ಮಾರುವವರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂಬ ಮಾತಿಗೆ ಮೇಲಿನ ಗುಣಾಕಾರವೇ ಉತ್ತರ: ವಾರದ ಉಳಿದ ದಿನಗಳಿಗೆ ಅವರ ಬಳಿಯೇ ಹೋಗಬೇಕು.

ಕೊನೆಯದು ಭಾರ. ಓಡಾಡುವ ತಾರಸಿಗೆ ನಮ್ಮ ಕಟ್ಟಡ ಮಾನದಂಡ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ. ಒಂದಡಿ ಆಳದ ಒದ್ದೆ ಮಣ್ಣು 500 ಕಿಲೋ ಮೀರುತ್ತದೆ. ಟೊಮೆಟೊ, ಬದನೆಗೆ ಅಷ್ಟು ಆಳವಾದರೂ ಬೇಕು, ಸೊಪ್ಪಿಗೆ ಅರ್ಧ ಅಡಿ ಸಾಕು. ಆ ಅರ್ಧ ಅಡಿಯೂ ತಾರಸಿಯ ನಡುವೆ ಬೇಡ. ಪೆಟ್ಟಿಗೆಗಳನ್ನು ಗೋಡೆ, ಬೀಮುಗಳ ಮೇಲೆ ಬರುವಂತೆ ಅಂಚಿಗೆ, ಬಿಡಿಬಿಡಿಯಾಗಿ, ಅಡಿಗೆ ಇಟ್ಟಿಗೆ ಕೊಟ್ಟು ಇಡಬೇಕು. ಬಾಡಿಗೆ ಮನೆಯವರಿಗೂ ಇದೇ ಅನುಕೂಲ, ಮನೆ ಬದಲಾಯಿಸುವಾಗ ಸಾಮಾನಿನ ಜೊತೆ ಟೆಂಪೋಗೆ ಏರಿಸಬಹುದು.