ಕಡಲ ತಳದಲ್ಲೊಂದು ರಾಮನ್ ಪರ್ವತ

ಸರ್ ಸಿ.ವಿ. ರಾಮನ್ ಅವರ ಹೆಸರಿನ ರಸ್ತೆ ಬೆಂಗಳೂರಿನಲ್ಲಿದೆ, ಬಡಾವಣೆಯಿದೆ, ಸಂಶೋಧನಾ ಸಂಸ್ಥೆಯೂ ಇದೆ. ಅವರ ಹೆಸರಿನ ಪರ್ವತವೂ ಒಂದಿದೆ ಎಂದರೆ ಅನೇಕರಿಗೆ ಅಚ್ಚರಿಯಾದೀತು. ಅದನ್ನು ಹತ್ತುವಂತಿಲ್ಲ, ದೂರದಲ್ಲಿ ನಿಂತು ನೋಡುವಂತೆಯೂ ಇಲ್ಲ. ಏಕೆಂದರೆ ಅದಿರುವುದು ಭಾರತದ ಪಶ್ಚಿಮ ಕರಾವಳಿಯಾಚೆ, ಅರಬ್ಬಿ ಸಮುದ್ರದ ತಳದಲ್ಲಿ. ಭೂವಿಜ್ಞಾನಿಗಳು ‘ಲಕ್ಷ್ಮಿ ಬೇಸಿನ್’ ಎಂದು ಕರೆಯುವ ವಿಶಾಲ ತಗ್ಗಿನ ನಡುವೆ ಮೂರು ಬೆಟ್ಟಗಳು ಸಾಲಾಗಿ ನಿಂತಿವೆ. ಒಂದಕ್ಕೆ ರಾಮನ್ ಹೆಸರು, ಇನ್ನೊಂದಕ್ಕೆ ಸಾಗರ ವಿಜ್ಞಾನಿ ಪಣಿಕ್ಕರ್ ಹೆಸರು, ಮತ್ತೊಂದಕ್ಕೆ ಭೂವಿಜ್ಞಾನಿ ವಾಡಿಯಾ ಹೆಸರು. ಮೂರೂ ಎಂದೋ ಆರಿಹೋದ ಜ್ವಾಲಾಮುಖಿಗಳು.

ಸುಮಾರು ಮೂರೂವರೆ ಸಾವಿರ ಮೀಟರ್ ನೀರಿನಡಿ, ಬೆಳಕೇ ಇಳಿಯದ ಕತ್ತಲಲ್ಲಿ ಇರುವುದು ಜ್ವಾಲಾಮುಖಿಯೇ ಎಂದು ತಿಳಿಯುವುದು ಹೇಗೆ?

ಹಲಸಿನ ಹಣ್ಣು ಬಲಿತಿದೆಯೇ ಎಂದು ನೋಡಲು ಅದನ್ನು ಕೊಯ್ಯಬೇಕಿಲ್ಲ. ತಟ್ಟಿ ಕಿವಿಗೊಟ್ಟರೆ ಸಾಕು. ಸಮೀಕ್ಷಾ ಹಡಗು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಅದರ ಹಿಂದೆ ನೀರಿನಲ್ಲಿ ತೇಲುವ ‘ಏರ್ ಗನ್’ ಒತ್ತಿ ತುಂಬಿದ ಗಾಳಿಯನ್ನು ಕೆಲವು ಸೆಕೆಂಡುಗಳಿಗೊಮ್ಮೆ ಢಂ ಎಂದು ಹೊರಬಿಡುತ್ತದೆ. ಆ ಸದ್ದು ತಳಕ್ಕೆ ಬಡಿದು ಮರಳುತ್ತದೆ. ಹಡಗು ಎಳೆದೊಯ್ಯುವ ಉದ್ದನೆಯ ಕೇಬಲ್ಲಿನಲ್ಲಿರುವ ನೀರ್‌ಮೈಕುಗಳು ಮರುದನಿಯನ್ನು ಹಿಡಿಯುತ್ತವೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಮರುದನಿ ಬರಲು 4 ಸೆಕೆಂಡು ಹಿಡಿದರೆ ತಳ ಎಷ್ಟು ಆಳದಲ್ಲಿದೆ? ಹೋಗಲು ಎರಡು, ಬರಲು ಎರಡು. ಉತ್ತರ 3,000 ಮೀಟರ್. ಎಂಟನೆಯ ತರಗತಿಯ ಲೆಕ್ಕ!

ಆದರೆ ಸದ್ದೆಲ್ಲ ತಳದಲ್ಲೇ ನಿಲ್ಲುವುದಿಲ್ಲ. ಒಂದಿಷ್ಟು ಹೂಳಿನೊಳಕ್ಕೆ ನುಗ್ಗಿ, ಒಂದೊಂದು ಪದರದಿಂದಲೂ ಪುಟಿಯುತ್ತದೆ. ಸಿಂಧೂ ನದಿ ಕೋಟ್ಯಂತರ ವರ್ಷ ಹೊತ್ತು ತಂದ ಮಣ್ಣು ಇಲ್ಲಿ ಪದರಪದರವಾಗಿ ಕೂತಿದೆ. ಈ ಮರುದನಿಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಕೇಕ್ ಕತ್ತರಿಸಿ ಪಕ್ಕದಿಂದ ನೋಡಿದಂಥ ಚಿತ್ರ ಸಿಗುತ್ತದೆ. ಹೂಳಿನಲ್ಲಿ ಸೊಂಟದವರೆಗೆ ಹುಗಿದುಹೋದ ಬೆಟ್ಟದ ಆಕಾರ ಅದರಲ್ಲಿ ಎದ್ದು ಕಾಣುತ್ತದೆ.

ಆಕಾರವೇನೋ ಸಿಕ್ಕಿತು, ಜಾತಕ ಸಿಗಬೇಕಲ್ಲ? ಆ ಗುಡ್ಡ ಲಾವಾ ಉಕ್ಕಿ ಬೆಳೆದದ್ದೋ, ಮುಳುಗಿಹೋದ ನೆಲದ ತುಣುಕೋ? ಇಲ್ಲಿ ಕಾಂತ ಸಮೀಕ್ಷೆ ನೆರವಿಗೆ ಬರುತ್ತದೆ. ಲಾವಾದಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜವಿದೆ. ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಕ್ಕೆ ತಣಿಯುವಾಗ ಅದು ಆ ಕಾಲದ ಭೂಕಾಂತದ ದಿಕ್ಕನ್ನು ತನ್ನೊಳಗೆ ಅಚ್ಚೊತ್ತಿಕೊಳ್ಳುತ್ತದೆ.

ಈ ಅಚ್ಚನ್ನು ಓದುವ ಪ್ರೋಟಾನ್ ಕಾಂತಮಾಪಕ ಬಲು ಸರಳ: ಸೀಮೆಎಣ್ಣೆಯಂಥ ದ್ರವ ತುಂಬಿದ ಸೀಸೆ, ಅದರ ಸುತ್ತ ತಂತಿಯ ಸುರುಳಿ. ದ್ರವದಲ್ಲಿನ ಹೈಡ್ರೋಜನ್ ಬೀಜಗಳು ಭೂಕಾಂತಕ್ಕೆ ಸಿಕ್ಕಿ ಬುಗುರಿಯಂತೆ ತೂರಾಡುತ್ತವೆ. ತೂರಾಟದ ವೇಗ ಅಳೆದರೆ ಕಾಂತಬಲ ತಿಳಿಯುತ್ತದೆ. ಹಡಗಿನ ಕಬ್ಬಿಣ ಲೆಕ್ಕ ಕೆಡಿಸದಂತೆ ಉಪಕರಣವನ್ನು ಬಹುದೂರ ಹಿಂದೆ ಕಟ್ಟಿ ಎಳೆಯಬೇಕು. ಇಲ್ಲಿನ ಭೂಕಾಂತಬಲ ಸುಮಾರು 40,000 ನ್ಯಾನೋಟೆಸ್ಲಾ. ಜ್ವಾಲಾಮುಖಿಯ ಕಲ್ಲು ಅದಕ್ಕೆ ಕೂಡಿಸುವುದು ಅಥವಾ ಕಳೆಯುವುದು ಕೆಲವು ನೂರು ಮಾತ್ರ.

ಆ ಕೆಲವು ನೂರೇ ಭೂವಿಜ್ಞಾನದ ದಿಕ್ಕು ಬದಲಿಸಲು ನೆರವಾಗಿವೆ. 1962ರಲ್ಲಿ ಬ್ರಿಟನ್ನಿನ ‘ಓವನ್’ ಹಡಗು ಹಿಂದೂ ಮಹಾಸಾಗರದ ವಾಯವ್ಯ ಭಾಗದ ಕಾರ್ಲ್ಸ್‌ಬರ್ಗ್ ಪರ್ವತಸಾಲಿನ ಮೇಲೆ ಕಾಂತ ಸಮೀಕ್ಷೆ ನಡೆಸಿತು. ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿ ಫ್ರೆಡ್ ವೈನ್ ಅಲ್ಲಿನ ಜ್ವಾಲಾಮುಖಿಯಂಥ ಎರಡು ಬೆಟ್ಟಗಳ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದರು. ಒಂದರ ಕಾಂತದಿಕ್ಕು ಇಂದಿನಂತೆಯೇ ಇತ್ತು, ಇನ್ನೊಂದರದು ತಲೆಕೆಳಗು. ಅಂದರೆ ಉತ್ತರ-ದಕ್ಷಿಣ ಧ್ರುವಗಳು ಅದಲುಬದಲಾಗಿದ್ದ ಕಾಲದಲ್ಲಿ ಆ ಕಲ್ಲು ತಣಿದಿತ್ತು. 1963ರಲ್ಲಿ ವೈನ್ ಮತ್ತು ಅವರ ಮಾರ್ಗದರ್ಶಕ ಡ್ರಮಂಡ್ ಮ್ಯಾಥ್ಯೂಸ್ ಪ್ರಕಟಿಸಿದ ಲೇಖನ, ಸಾಗರತಳ ನಡುವೆ ಸೀಳಿ ಎರಡೂ ಬದಿಗೆ ಹರಡುತ್ತಿದೆ ಎಂಬ ವಾದಕ್ಕೆ ಆಧಾರವಾಯಿತು.

ಲಕ್ಷ್ಮಿ ಬೇಸಿನ್ನಿನ ಜಗಳವೂ ಇಂಥದ್ದೇ. ಅಲ್ಲಿನ ಕಾಂತಪಟ್ಟೆಗಳು ಹೀಗೆ ಸೀಳಿ ಹರಡಿದ ಸಾಗರತಳದ ಗುರುತು ಎಂದು ಒಂದು ಪಕ್ಷ. ಭಾರತದ ನೆಲವೇ ಹಿಗ್ಗಿ ತೆಳುವಾಗಿ, ಬಿರುಕುಗಳಲ್ಲಿ ಲಾವಾ ನುಗ್ಗಿದ್ದರಿಂದ ಆದದ್ದು ಎಂದು ಇನ್ನೊಂದು ಪಕ್ಷ. ಇದು ಬರೀ ಪಂಡಿತರ ಕಚ್ಚಾಟವಲ್ಲ. ಭಾರತ ಮತ್ತು ಸೆಷೆಲ್ಸ್ ದ್ವೀಪಗಳು ಬೇರೆಯಾದ ಕಥೆ ಇದರ ಮೇಲೆ ನಿಂತಿದೆ. ಅಡಿಪಾಯ ಯಾವುದು ಎಂಬುದರ ಮೇಲೆ ಹೂಳಿಗೆ ತಗುಲಿದ ಶಾಖ ಬದಲಾಗುವುದರಿಂದ, ತೈಲ ಹುಡುಕುವವರಿಗೂ ಉತ್ತರ ಬೇಕು.

2015ರಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಹಡಗು ಇಲ್ಲಿಗೆ ಬಂತು. ಹಿಮಾಲಯದ ಸವೆತ ಮತ್ತು ಮುಂಗಾರಿನ ಇತಿಹಾಸ ಅರಿಯುವುದು ಅದರ ಮುಖ್ಯ ಉದ್ದೇಶ. ತಳದಿಂದ ಸುಮಾರು 1,100 ಮೀಟರ್ ಕೆಳಗೆ ಕೊರೆಗೊಳವೆ ಗಟ್ಟಿ ಕಲ್ಲಿಗೆ ತಾಗಿತು. ಮೇಲೆ ಬಂದದ್ದು ಬಸಾಲ್ಟ್, ಅಂದರೆ ತಣಿದ ಲಾವಾ. ಅದರ ಮೇಲೆ ಕೂತಿದ್ದ ಹೂಳು 6 ಕೋಟಿ ವರ್ಷಕ್ಕೂ ಹಳೆಯದು. ಆದರೂ ಜಗಳ ಮುಗಿಯಲಿಲ್ಲ. ಆ ಕಲ್ಲಿನ ರಾಸಾಯನಿಕ ಗುಣ ಹೊಸ ಪ್ರಶ್ನೆಗಳನ್ನೇ ಎಬ್ಬಿಸಿತು.

ಸದ್ದು ಆಕಾರ ಹೇಳಿತು, ಕಾಂತ ಹುಟ್ಟಿನ ಸುಳಿವು ಕೊಟ್ಟಿತು, ಕೊರೆಗೊಳವೆ ಒಂದೇ ಒಂದು ಕಡೆಯ ಕಲ್ಲನ್ನು ಕೈಗಿತ್ತಿತು. ಮೂರನ್ನೂ ತಾಳೆ ಹಾಕುವ ಕೆಲಸ ಇನ್ನೂ ಬಾಕಿಯಿದೆ. ಅದಕ್ಕೆ ಭೂವಿಜ್ಞಾನ ಓದಿದವರಷ್ಟೇ ಸಾಲದು. ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಓದಿದವರೂ ಬೇಕು. ಮಗ ಅಥವಾ ಮಗಳು ಕಡಲನ್ನು ಓದುತ್ತೇನೆ ಎಂದರೆ ಅಪ್ಪ-ಅಮ್ಮ ಗಾಬರಿಯಾಗಬೇಕಿಲ್ಲ. ಗೋವಾದ ದೋನಾ ಪಾವುಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಕರ್ನಾಟಕದ ಗಡಿಯಿಂದ ದೂರವೇನಿಲ್ಲ.