ಲೋಡಿಗೂ ಒಂದು ಜಾಗ, ಒಂದು ಹೊತ್ತು ಗೊತ್ತು ಮಾಡೋಣ

ಕಬ್ಬಾಳು, ಸಾತನೂರು, ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆಯ ಬಂಧುಗಳೇ,

ದಾರಿಗಡ್ಡ ನಿಂತ ಗೂಡ್ಸ್ ಗಾಡಿಗೆ ಬೈಯದವರು ನಮ್ಮಲ್ಲಿ ಯಾರಿದ್ದಾರೆ? ಅಮಾವಾಸ್ಯೆ ದಿನ ಕಬ್ಬಾಳಮ್ಮನ ಗುಡಿ ಬೀದಿಯಲ್ಲಿ ಬಸ್ಸು ಅಲ್ಲಾಡದೆ ನಿಂತರೆ ಎಲ್ಲರ ಬಾಯಲ್ಲೂ ಒಂದೇ ಮಾತು: 'ಈ ಕಾಯಿ ಗಾಡಿಯವನಿಗೆ ಈಗಲೇ ಬರಬೇಕಿತ್ತಾ?' ಸ್ವಲ್ಪ ಹೊತ್ತಾದ ಮೇಲೆ ಅದೇ ಗಾಡಿಯಿಂದ ಇಳಿದ ತೆಂಗಿನಕಾಯಿ ಕೊಂಡು ಹಣ್ಣುಕಾಯಿ ಮಾಡಿಸುತ್ತೇವೆ. ಸಾಮಾನು ಬೇಕು, ಸಾಮಾನು ತರುವ ಗಾಡಿ ಮಾತ್ರ ಕಣ್ಣಿಗೆ ಬೀಳಬಾರದು. ಈ ಧೋರಣೆ ಬಿಟ್ಟು, ನಮ್ಮ ಊರುಗಳ ಬೀದಿಯಲ್ಲಿ ಲೋಡ್ ಗಾಡಿಗೂ ಒಂದು ಜಾಗ, ಒಂದು ಹೊತ್ತು ಗೊತ್ತು ಮಾಡೋಣ ಎಂದು ಕೇಳಿಕೊಳ್ಳಲು ಈ ಮನವಿ.

ಗಾಡಿ ನಡುಬೀದಿಯಲ್ಲಿ ಯಾಕೆ ನಿಲ್ಲುತ್ತದೆ, ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಅಂಗಡಿಯ ಮುಂದೆ ನಾಲ್ಕು ಬೈಕು, ಒಂದು ಕಾರು. ಬೈಕುಗಳಲ್ಲಿ ಎರಡು ಅಂಗಡಿಯವರದೇ. ಅದರಾಚೆ ಹೂವಿನ ಪುಟ್ಟಿ, ನಿಂಬೆಹಣ್ಣಿನ ತಳ್ಳುಗಾಡಿ. ಪಿಕಪ್‌ನವನು ಎರಡು ಸಲ ಹಾರ್ನ್ ಹೊಡೆದು, ಯಾರೂ ಅಲ್ಲಾಡದ್ದು ಕಂಡು, ಇದ್ದಲ್ಲೇ ನಿಲ್ಲಿಸಿ ಹಿಂಬಾಗಿಲು ಬಿಚ್ಚುತ್ತಾನೆ. ಆಚೆ ಬಯಲಲ್ಲಿ ನಿಲ್ಲಿಸಬಹುದಲ್ಲ ಎನ್ನುತ್ತೀರಿ. ಹಮಾಲಿಗೆ ಕೂಲಿ ಚೀಲದ ಲೆಕ್ಕದಲ್ಲಿ, ಹೆಜ್ಜೆಯ ಲೆಕ್ಕದಲ್ಲಲ್ಲ. ಬಯಲಿನಿಂದ ಅಂಗಡಿಗೆ ಕಾಯಿಚೀಲ ಹೊತ್ತು ತಾ ಅಂದರೆ ಆತ ಚೀಲ ಕೆಳಗಿಟ್ಟು ಬೀಡಿ ಹಚ್ಚುತ್ತಾನೆ. ಡ್ರೈವರ್‌ಗೆ ದುಡ್ಡು ಟ್ರಿಪ್ಪಿನ ಮೇಲೆ. ಇಲ್ಲಿ ತಡವಾದರೆ ಮುಂದಿನ ಬಾಡಿಗೆ ತಪ್ಪುತ್ತದೆ. ಹೀಗೆ ಯಾರ ಕೆಟ್ಟತನವೂ ಇಲ್ಲದೆ ಬೀದಿ ಕಟ್ಟಿಕೊಳ್ಳುತ್ತದೆ. ಅಂಗಡಿಗಳಿಗೆ ಹತ್ತಿರದಲ್ಲೇ ಎರಡು ಪಿಕಪ್ ನಿಲ್ಲುವಷ್ಟು ಉದ್ದ ಖಾಲಿ ಇದ್ದಿದ್ದರೆ ಅದೇ ಕೆಲಸ ಕಾಲುಗಂಟೆಯಲ್ಲಿ ಮುಗಿದು ಗಾಡಿ ಹೊರಟುಹೋಗುತ್ತಿತ್ತು.

ಕಬ್ಬಾಳಿನ ಮಟ್ಟಿಗೆ ಇದು ಕಷ್ಟದ ಕೆಲಸವಲ್ಲ. ಜನ ಯಾವಾಗ ಬರುತ್ತಾರೆ ಎಂಬುದು ಪಂಚಾಂಗದಲ್ಲೇ ಇದೆ: ಮಂಗಳವಾರ, ಶುಕ್ರವಾರ, ಭಾನುವಾರ, ಅದರ ಮೇಲೆ ಅಮಾವಾಸ್ಯೆ, ಹುಣ್ಣಿಮೆ. ಆ ದಿನಗಳ ಲೋಡು ಹಿಂದಿನ ದಿನ ಸಂಜೆ, ಇಲ್ಲವೇ ಬೆಳಗ್ಗೆ ಏಳರೊಳಗೆ ಇಳಿದುಹೋಗಲಿ. ಹೂವು, ಹಾಲು ಮಾತ್ರ ಆಮೇಲೆ ಬರಲಿ. ಅವು ಕಾಯುವ ಸಾಮಾನಲ್ಲ.

ಹರಕೆಗೆ ಬರುವ ಭಕ್ತರಲ್ಲೂ ಒಂದು ಕೋರಿಕೆ. ಪರ ಮಾಡಲು ಪಾತ್ರೆ, ಅಕ್ಕಿ, ಸೌದೆ, ಶಾಮಿಯಾನ ಎಲ್ಲ ತುಂಬಿದ ಗೂಡ್ಸ್ ಆಟೋದ ಮೇಲೆಯೇ ಅಜ್ಜಿ, ಮೊಮ್ಮಕ್ಕಳು, ಬೀಗರು ಕೂತು ಬರುವುದು ನಮ್ಮಲ್ಲಿ ತೀರ ಮಾಮೂಲಿ. ಸಾಮಾನಿನ ಗಾಡಿಯಲ್ಲಿ ಹಿಡಿದುಕೊಳ್ಳಲು ಹಗ್ಗ ಬಿಟ್ಟರೆ ಬೇರೇನೂ ಇರುವುದಿಲ್ಲ. ಪಾತ್ರೆ ಗೂಡ್ಸ್ ಗಾಡಿಯಲ್ಲಿ ಬರಲಿ, ಜನ ಬಸ್ಸಲ್ಲಿ ಬರಲಿ. ಅಮ್ಮ ಯಾರನ್ನೂ ಜೀವ ಪಣಕ್ಕಿಟ್ಟು ಬಾ ಅಂದಿಲ್ಲ.

ಎಲ್ಲ ಲೋಡಿಗೂ ಒಂದೇ ನಿಯಮ ಹಾಕಿದರೆ ಕೆಡುತ್ತದೆ ಎಂಬುದಕ್ಕೆ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗೂಡು ಹಗುರ, ಆದರೆ ಜಾಗ ತಿನ್ನುತ್ತದೆ. ಒತ್ತಿ ತುಂಬಿದರೆ ಬೆವರಿ ಹಾಳಾಗುತ್ತದೆ. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ಆಮೇಲೆ ಆ ಗೂಡಿನಿಂದ ನೂಲು ಬಿಚ್ಚಲಾಗದು. ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬರುವ ರೈತನಿಗೆ ಬೆಳಗಿನ ಹರಾಜಿಗೆ ಹೊತ್ತು ಮೀರದೆ ಒಳಗೆ ಹೋಗುವುದೇ ಮುಖ್ಯ. ಆತನಿಗೆ 'ಹಗಲು ಹೊತ್ತು ಗೂಡ್ಸ್ ಗಾಡಿ ಪ್ರವೇಶವಿಲ್ಲ' ಎಂಬ ಬೋರ್ಡು ತೋರಿಸಿದರೆ ಅದು ಆಡಳಿತವಲ್ಲ, ಅನ್ಯಾಯ. ಕನಕಪುರ ಕಡೆಯ ಗ್ರಾನೈಟ್ ಬಂಡೆ ಹೊತ್ತ ಟ್ರೈಲರ್ ಕಥೆ ಬೇರೆ. ಬಂಡೆ ಕೆಡುವುದಿಲ್ಲ, ರಾತ್ರಿವರೆಗೆ ಧಾರಾಳವಾಗಿ ಕಾಯಬಹುದು. ಮಕ್ಕಳು ಶಾಲೆಗೆ ಹೋಗುವ ಹೊತ್ತಲ್ಲಿ ಪೇಟೆಯೊಳಗೆ ಅದಕ್ಕೇನು ಕೆಲಸ? ಮಾವಿನ ಕಾಲದಲ್ಲಿ ಮಂಡಿಗಳ ಮುಂದೆ ಆಗುವ ನೂಕುನುಗ್ಗಲು ವರ್ಷದಲ್ಲಿ ಎರಡು ಮೂರು ತಿಂಗಳ ಮಾತು. ಅದಕ್ಕೆ ಆ ತಿಂಗಳುಗಳ ಮಟ್ಟಿಗೆ ಏರ್ಪಾಡು ಸಾಕು.

ನಿಷೇಧ ಹಾಕಿ ಕೈತೊಳೆದುಕೊಳ್ಳುವುದು ಬಹಳ ಹಳೆಯ ಚಾಳಿ. ಕ್ರಿ.ಪೂ. 45ರ ಸುಮಾರಿನಲ್ಲಿ, ಜೂಲಿಯಸ್ ಸೀಸರನ ಕಾಲದ ಕಾನೂನೊಂದು ರೋಮ್ ನಗರದೊಳಗೆ ಹಗಲಿನ ಹೆಚ್ಚು ಹೊತ್ತು ಸರಕಿನ ಗಾಡಿ ಓಡಿಸಬಾರದು ಎಂದಿತು. ದೇವಾಲಯ ಕಟ್ಟುವ ಸಾಮಗ್ರಿಯಂಥ ಕೆಲವಕ್ಕೆ ವಿನಾಯಿತಿ ಇತ್ತು. ಹಗಲು ನಿರಾಳವಾಯಿತು, ರಾತ್ರಿಯಿಡೀ ಗಾಲಿಗಳ ಗಡಗಡ ಶುರುವಾಯಿತು. ಮುಂದೆ ಜುವೆನಾಲ್ ಎಂಬ ಕವಿ ಈ ಊರಲ್ಲಿ ನಿದ್ದೆ ಮಾಡಲು ದುಡ್ಡಿದ್ದವರಿಗೇ ಸಾಧ್ಯ ಎಂದು ಗೊಣಗಿದ. ಇಂದು ಬೆಂಗಳೂರಿನಲ್ಲೂ ಜನದಟ್ಟಣೆಯ ಹೊತ್ತಲ್ಲಿ ಭಾರೀ ಲಾರಿಗಳಿಗೆ ಪ್ರವೇಶವಿಲ್ಲ. ಸರಿ, ಅಷ್ಟು ಹೊತ್ತು ಲಾರಿ ಎಲ್ಲಿ ನಿಲ್ಲಬೇಕು? ಡ್ರೈವರ್ ಎಲ್ಲಿ ಸ್ನಾನ ಮಾಡಬೇಕು, ಎಲ್ಲಿ ಮಲಗಬೇಕು? ಉತ್ತರ ಯಾರೂ ಕೊಡದಿದ್ದರೆ ಆ ಲಾರಿ ಊರಾಚೆಯ ನಮ್ಮಂಥವರ ರಸ್ತೆ ಅಂಚಿಗೆ ಬಂದು ನಿಲ್ಲುತ್ತದೆ. ಕತ್ತಲಲ್ಲಿ ಹಿಂದಿನಿಂದ ಬರುವ ಬೈಕಿನವನಿಗೆ ಅದು ಕಾಣುವುದಿಲ್ಲ.

2025ರಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಹೆಸರಿನ ಬಗ್ಗೆ ಜಗಳ ಆಡುವವರು ಆಡಲಿ. ಬೆಂಗಳೂರಿನ ಲೋಡು ಅದಕ್ಕೂ ಮೊದಲೇ ಬಂದಿದೆ. ಬಿಡದಿಯಲ್ಲಿ ಕಾರು ಕಾರ್ಖಾನೆ, ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ. ದಾಬಸ್‌ಪೇಟೆ, ದೇವನಹಳ್ಳಿ, ಹೊಸಕೋಟೆ ಬಳಸಿ ಕನಕಪುರ, ರಾಮನಗರ, ಮಾಗಡಿ ಮೇಲೆ ಹಾಯುವ ಉಪನಗರ ವರ್ತುಲ ರಸ್ತೆ, ಅಂದರೆ ರಾಷ್ಟ್ರೀಯ ಹೆದ್ದಾರಿ 948ಎ, ಪೂರ್ತಿಯಾದಾಗ ಗೋದಾಮುಗಳು ಅದರ ಬೆನ್ನಿಗೇ ಬರುತ್ತವೆ. ಲಾರಿ ತಂಗುದಾಣದ ಜಾಗವನ್ನು ಈಗಲೇ ನಕ್ಷೆಯಲ್ಲಿ ಗುರುತಿಸದಿದ್ದರೆ ಆಮೇಲೆ ಒಂದು ಗುಂಟೆಯೂ ಸಿಗುವುದಿಲ್ಲ.

ಒಂದು ಅವಕಾಶ ಮಾತ್ರ ತಾನಾಗಿ ನಮ್ಮ ಕೈಗೆ ಬಂದಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾಯಿತು. ಬೈಪಾಸ್ ಆದ ಮೇಲೆ ದೂರದೂರಿಗೆ ಹೋಗುವ ಗಾಡಿಗಳ ಬಹುಪಾಲು ರಾಮನಗರ, ಚನ್ನಪಟ್ಟಣದ ಪೇಟೆಗೆ ಬರುವುದಿಲ್ಲ. ಹಳೇ ರಸ್ತೆಯ ಬೊಂಬೆ ಅಂಗಡಿಗಳಿಗೆ ಗಿರಾಕಿ ಕಡಿಮೆಯಾದ ನೋವು ನಿಜ. ಆದರೆ ಆ ಹಳೇ ರಸ್ತೆ ಈಗ ಊರಿನವರದು. ಅದರ ಅಗಲವನ್ನು ಯಾರಿಗೆ ಎಷ್ಟು ಹಂಚಬೇಕು ಎಂದು ನಾವೇ ಹೇಳಬಹುದು: ನಡೆಯುವವರಿಗೆ ಇಷ್ಟು, ಬಸ್ಸಿಗೆ ಇಷ್ಟು, ತಳ್ಳುಗಾಡಿಗೆ ಇಷ್ಟು, ಲೋಡ್ ಇಳಿಸಲು ಇಷ್ಟು. ಸುಮ್ಮನಿದ್ದರೆ ನಿಂತ ಕಾರುಗಳೇ ಅದನ್ನೆಲ್ಲ ನುಂಗುತ್ತವೆ. ಆಗಲೇ ನುಂಗುತ್ತಿವೆ ಕೂಡ.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಅಧಿಕಾರ ಪಡೆದ ಪ್ರಾಧಿಕಾರ ಜನರ ಸುರಕ್ಷತೆ, ಅನುಕೂಲಕ್ಕಾಗಿ ಒಂದು ರಸ್ತೆಯಲ್ಲಿ ಗೊತ್ತಾದ ಬಗೆಯ ವಾಹನಗಳನ್ನು ನಿರ್ಬಂಧಿಸಬಹುದು. 117ನೇ ಸೆಕ್ಷನ್ ಪ್ರಕಾರ, ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ವಾಹನ ಎಲ್ಲಿ, ಎಷ್ಟು ಹೊತ್ತು ನಿಲ್ಲಬಹುದು ಎಂದು ಗೊತ್ತು ಮಾಡಬಹುದು. 115ರಲ್ಲಿ ನಮಗೆ ಬಲು ಅನುಕೂಲದ ಒಂದು ಮಾತಿದೆ: ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಗೆಜೆಟ್ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಅಂದರೆ ಒಂದು ತಿಂಗಳು ಮಾಡಿ ನೋಡಬಹುದು, ಸರಿಹೋಗದಿದ್ದರೆ ತಿದ್ದಬಹುದು. ಕಬ್ಬಾಳಿನ ಗುಡಿ ಬೀದಿಯಲ್ಲೇ ಶುರುವಾಗಲಿ ಎಂಬುದು ನನ್ನ ಆಸೆ.

ಅಂಗಡಿ ಮಾಲೀಕರೇ, ಬಿಳಿ ಬಣ್ಣ ಬಳಿದು 'ಲೋಡಿಂಗ್ ಜಾಗ' ಎಂದು ಬರೆದ ಮಾರನೇ ದಿನ ಅಲ್ಲಿ ನಿಮ್ಮದೇ ಬೈಕು ನಿಂತಿದ್ದರೆ ಪೊಲೀಸರು ಏನು ಮಾಡಿಯಾರು? ಮೊದಲು ನಿಮ್ಮ ಗಾಡಿ ತೆಗೆಯಿರಿ. ಡ್ರೈವರಣ್ಣಂದಿರೇ, ಜಾಗ ಕೊಟ್ಟ ಮೇಲೂ ಚಹಾ ಕುಡಿಯಲು ಅಲ್ಲೇ ಅರ್ಧಗಂಟೆ ಬಿಟ್ಟುಹೋಗಬೇಡಿ. ಬೀದಿ ವ್ಯಾಪಾರದ ಅಕ್ಕಂದಿರನ್ನು ಎಬ್ಬಿಸಿ ಆ ಜಾಗ ಹೊಂದಿಸುವ ಸುಲಭದ ದಾರಿಗೆ ಮಾತ್ರ ಯಾರೂ ಕೈಹಾಕಬಾರದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಬದುಕಿಗೂ ರಕ್ಷಣೆ ಕೊಟ್ಟಿದೆ.

ಈಗ ಮಾಡಬೇಕಾದದ್ದು ಚಿಕ್ಕ ಕೆಲಸ. ಪ್ರತಿ ಅಂಗಡಿಯವರೂ ಒಂದು ವಾರ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ದಿನ, ಎಷ್ಟು ಗಂಟೆಗೆ, ಯಾವ ಬಗೆಯ ಗಾಡಿಯಲ್ಲಿ, ಎಷ್ಟು ಚೀಲ ಬಂತು, ಇಳಿಸಲು ಎಷ್ಟು ಹೊತ್ತು ಹಿಡಿಯಿತು. ಹಳ್ಳಿಯವರು ಅದನ್ನು ಮುಂದಿನ ಗ್ರಾಮಸಭೆಗೆ ತನ್ನಿ. ರಾಮನಗರ, ಚನ್ನಪಟ್ಟಣ, ಕನಕಪುರದವರು ನಗರಸಭೆಗೆ, ಮಾಗಡಿಯವರು ಪುರಸಭೆಗೆ ಕೊಡಿ. ಯಾವ ಬೀದಿಗೆ ಎಷ್ಟು ಮೀಟರ್ ಜಾಗ, ಯಾವ ಹೊತ್ತು ಎಂದು ಕೇಳಲು ಆ ಹಾಳೆಗಳೇ ನಮಗೆ ಆಧಾರ. ಹಾಳೆಯ ಮೇಲೆ ಅಂಗಡಿಯ ಹೆಸರು ಹಾಕದಿದ್ದರೂ ನಡೆಯುತ್ತದೆ. ಬೀದಿಯ ಹೆಸರು ಮರೆಯಬೇಡಿ.